ಸತ್ತ ಮಂಗಗಳು ಮತ್ತು ಮಾಗಡಿಯ ಹೆಬ್ಬಾತುಗಳು

ಮಾಗಡಿ ಅಂದ ಕೂಡಲೇ ನಿಮ್ಮಲ್ಲಿ ಬಹಳ ಜನರಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ನಾನು ಹೇಳುತ್ತಿರುವುದು ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ! ಶಿರಹಟ್ಟಿಯಿಂದ ಸುಮಾರು 8 ಕಿಲೋಮೀಟರ್. ಊರ ಪಕ್ಕ ಒಂದು ಕೆರೆ. ಚಳಿಗಾಲ ಬಂತೆಂದರೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳ ಸಂತೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಅದೇ ಅವುಗಳ ಗುರುತು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಹಗಲು ಕೆರೆಯಲ್ಲಿ ವಿಶ್ರಾಂತಿ, ಮಬ್ಬುಗತ್ತಲಲ್ಲಿ ಸುತ್ತಲಿನ ಹೊಲಗಳಲ್ಲಿ ಮೇವು.

ಇಂಥ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಷ್ಟು ಬರುತ್ತವೆ ಎಂದು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಹುಡುಕಲು ಶುರು ಮಾಡಿದ್ದು ಹೇಗೆ ಎಂದು ಓದುತ್ತಾ ಹೋದೆ. ದಾರಿ ನಮ್ಮದೇ ಮಲೆನಾಡಿಗೆ ಹೋಗಿ ಮುಟ್ಟಿತು. ಅದೂ ಮಂಗಗಳ ಹತ್ತಿರ!

1957. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ) ತಂಡ ಬಂದು ಹೊಸ ವೈರಸ್ಸೊಂದನ್ನು ಪತ್ತೆ ಮಾಡಿತು. ಅದನ್ನು ಹರಡುತ್ತಿದ್ದದ್ದು ಕಾಡಿನ ಉಣುಗು. ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯಿತು, ನಾವು ಮಂಗನ ಕಾಯಿಲೆ ಎಂದೆವು.

ವಿಜ್ಞಾನಿಗಳನ್ನು ಚಕಿತಗೊಳಿಸಿದ್ದು ಇನ್ನೊಂದು ಸಂಗತಿ. ಈ ವೈರಸ್ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅವರಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ಆಸೆ ಇತ್ತು, ದುಡ್ಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಉತ್ತರ ಬೇಕಿತ್ತು. 1959ರಲ್ಲಿ ಇಬ್ಬರ ಅಗತ್ಯವೂ ಕೂಡಿ ಯೋಜನೆ ಶುರುವಾಯಿತು.

ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಉಂಗುರಗಳ ಕೆಲಸ ನಿಲ್ಲಲಿಲ್ಲ. ಮುಂದೆ ಅಮೆರಿಕದ ಸೇನೆಯ ಹಣವೂ ಬಂತು. ಹಕ್ಕಿಗಳ ನೆಪದಲ್ಲಿ ಜೈವಿಕ ಯುದ್ಧದ ತಯಾರಿಯೇ ಎಂಬ ಗುಲ್ಲೂ ಎದ್ದಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಪಾಲಿನ ಇಂಥ ಸಂಶೋಧನೆಗಳ ಬಗ್ಗೆ ಖಾರವಾಗಿಯೇ ವರದಿ ಕೊಟ್ಟಿತು. ಮಾಹಿತಿ ಯಾರದು, ಅದನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ಪ್ರಶ್ನೆ ನಾವು ಕಂಪ್ಯೂಟರ್ ಮಂದಿ ಕಂಡುಹಿಡಿದದ್ದಲ್ಲ ನೋಡಿ!

ಈಗ ಹೆಬ್ಬಾತಿಗೆ ಬರೋಣ. 2005ರ ಮೇ ತಿಂಗಳಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರದಿಂದ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ದೊಡ್ಡ ಪಾಲು ಇದೇ ಪಟ್ಟೆತಲೆ ಹೆಬ್ಬಾತುಗಳು. 2020ರ ಕೊನೆಗೆ ಹಿಮಾಚಲದ ಪೋಂಗ್ ಜಲಾಶಯದಲ್ಲೂ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಬಲಿಯಾದವು. ಅಲ್ಲೂ ಹೆಚ್ಚಿನವು ಇವೇ.

ಹಾಗಂತ ಕೆರೆಯ ಹಕ್ಕಿಗಳನ್ನು ಓಡಿಸಬೇಕೇ? ಈ ವೈರಸ್ ವಂಶದ ಮೂಲ 1996ರಲ್ಲಿ ಸಿಕ್ಕಿದ್ದು ಚೀನಾದ ಗುವಾಂಗ್‌ಡಾಂಗ್‌ನ ಸಾಕಿದ ಹೆಬ್ಬಾತಿನಲ್ಲಿ. ಭಾರತದಲ್ಲಿ 2006ರಲ್ಲಿ ಮೊದಲು ಕಾಣಿಸಿಕೊಂಡದ್ದು ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಕಾಡುಹಕ್ಕಿ ರೋಗ ಹೊರಬಹುದು, ಆದರೆ ಅದೇ ಮೊದಲು ಸಾಯುವುದೂ ಉಂಟು. ಓಡಿಸಿದರೆ ರೋಗ ಇನ್ನೊಂದು ಕೆರೆಗೆ ಹೋಗುತ್ತದೆ, ನಮಗೆ ಮಾತ್ರ ಸುದ್ದಿ ತಪ್ಪುತ್ತದೆ.

ಮಂಗನ ಕಾಯಿಲೆ ಕಲಿಸಿದ್ದೂ ಇದನ್ನೇ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ. ಸೌದೆಗೆ, ದರಗಿಗೆ ಹೋದವರಿಗೆ ಕಚ್ಚುತ್ತವೆ. ಹಾಗಾಗಿ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಆರೋಗ್ಯ ಇಲಾಖೆಗೆ ಮುಟ್ಟುವುದು ಜೀವ ಉಳಿಸುವ ವಿಷಯ. ಅಲ್ಲಿ ಮೊದಲ ಕಾವಲುಗಾರ ಕಾಡಿಗೆ ಹೋಗುವ ಹಳ್ಳಿಯವನು, ಲ್ಯಾಬು ಆಮೇಲೆ.

ಇನ್ನು ಎಣಿಕೆ. ನಮ್ಮ ಕೆಲಸದಲ್ಲಿ ಸರ್ವರ್‌ಗೆ ಏನೋ ಆಗಿದೆ ಎಂದು ಹೇಳಬೇಕಾದರೆ ಮಾಮೂಲಿ ದಿನ ಅದು ಹೇಗಿರುತ್ತದೆ ಎಂಬ ಲೆಕ್ಕ ಮೊದಲೇ ಇರಬೇಕು. ಕೆರೆಗೂ ಅದೇ ಮಾತು. ಪ್ರತಿ ವರ್ಷ ಎಷ್ಟು ಹೆಬ್ಬಾತು ಬರುತ್ತಿದ್ದವು ಅಂತ ಗೊತ್ತಿಲ್ಲದಿದ್ದರೆ ಈ ವರ್ಷ ಕಡಿಮೆಯಾದದ್ದು ಹೇಗೆ ತಿಳಿಯಬೇಕು? 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ಮಾಡುವುದು ಈ ಕೆಲಸವನ್ನೇ, ಬಹುಪಾಲು ಸಂಬಳವಿಲ್ಲದ ಹವ್ಯಾಸಿಗಳಿಂದ. ಹಿಂಡು ದೊಡ್ಡದಿದ್ದರೆ ಹತ್ತು, ನೂರು ಹಕ್ಕಿಗಳ ತುಂಡು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಳತೆ ಮಾಡಿ, ಅಂಥ ತುಂಡುಗಳನ್ನು ಎಣಿಸುತ್ತಾರೆ.

2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆ ಬರೀ 50 ಹೆಕ್ಟೇರ್. ದಾಖಲಾದ ಹಕ್ಕಿ ಜಾತಿಗಳು 166, ಚಳಿಗಾಲದಲ್ಲಿ ಬರುವ ಹಕ್ಕಿಗಳು ಸುಮಾರು ಎಂಟು ಸಾವಿರ. ಈ ಅಂಕಿಗಳು ಯಾರೋ ದಂಡೆಯ ಮೇಲೆ ನಿಂತು ಬರೆದುಕೊಂಡದ್ದರಿಂದ ಬಂದವು. ಹಕ್ಕಿ ಮೇಯುವುದು ಮಾತ್ರ ರೈತನ ಹೊಲದಲ್ಲಿ. ಅವನು ಬೇಸತ್ತು ಪಟಾಕಿ ಹಚ್ಚಿದರೆ ಯಾವ ಪಟ್ಟಿಯೂ ಕೆರೆಯನ್ನು ಕಾಯಲಾರದು. ಆದ್ದರಿಂದ ನನ್ನ ಪ್ರಕಾರ ಹಕ್ಕಿಗಳ ಲೆಕ್ಕದ ಪಕ್ಕದಲ್ಲೇ ಬೆಳೆ ನಷ್ಟದ ಲೆಕ್ಕವನ್ನೂ ಬರೆಯಬೇಕು.

ನಿಮ್ಮೂರಿನ ಕೆರೆಯಲ್ಲಿ ಹಕ್ಕಿಗಳು ಗುಂಪಾಗಿ ಸತ್ತಿದ್ದು ಕಂಡರೆ ಕೈಯಿಂದ ಮುಟ್ಟಬೇಡಿ. ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಹೇಳಿ. ಉಂಗುರವೋ ಕೊರಳಪಟ್ಟಿಯೋ ಇರುವ ಹಕ್ಕಿ ಕಂಡರೆ ದೂರದಿಂದಲೇ ನಂಬರ್ ಬರೆದುಕೊಳ್ಳಿ. ಹಾಂ, ಜನವರಿ ಗಣತಿಗೆ ಒಮ್ಮೆ ಹೋಗಿ ಬನ್ನಿ. ಒಂದು ದುರ್ಬೀನು, ಒಂದು ನೋಟ್‌ಬುಕ್, ಒಂದು ಬೆಳಗು ಸಾಕು.