ದಕ್ಷಿಣದ ವಂಶ, ಉತ್ತರದ ನುಡಿ: ಅರಬರ ಮೂಲ ಕುರಿತು ಒಂದು ಟಿಪ್ಪಣಿ

ಅರಬರು ಮೂಲತಃ ಎಲ್ಲಿಯವರು ಎಂದು ಕೇಳಿದರೆ ಅರಬ್ ಪರಂಪರೆ ಬೆರಳು ತೋರಿಸುವುದು ಯೆಮನ್ನಿನ ಕಡೆಗೆ. ಮಧ್ಯಯುಗದ ವಂಶಾವಳಿಕಾರರ ಪ್ರಕಾರ ಅರಬರಲ್ಲಿ ಎರಡು ಕವಲು. ದಕ್ಷಿಣದ ಕಹ್ತಾನನ ಸಂತತಿಯವರು ಅಸಲು ಅರಬರು. ಇಸ್ಮಾಯಿಲನ ವಂಶದಲ್ಲಿ ಬಂದ ಉತ್ತರದ ಅದ್ನಾನನ ಸಂತತಿಯವರು ಆ ನುಡಿಯನ್ನು ಕಲಿತು ಅರಬರಾದವರು. ಈ ಲೆಕ್ಕ ಹಿಡಿದರೆ ಅರಬ್ಬಿ ಭಾಷೆ ಯೆಮನ್ನಿನಲ್ಲಿ ಹುಟ್ಟಿ ಉತ್ತರಕ್ಕೆ ಹರಿದಿರಬೇಕು. ಕಳೆದ ಐವತ್ತು ವರ್ಷಗಳಲ್ಲಿ ಶಾಸನಗಳೂ ತೌಲನಿಕ ವ್ಯಾಕರಣವೂ ತೋರಿಸಿರುವ ದಿಕ್ಕು ಇದಕ್ಕೆ ವಿರುದ್ಧವಾದದ್ದು. ಇವೆರಡರ ನಡುವೆ ಈಗ ಡಿಎನ್‌ಎ ಪರೀಕ್ಷೆಯೂ ಬಂದು ಕೂತಿದೆ. ನನ್ನ ವಾದ ಇಷ್ಟು: ಅರಬ ಎಂಬ ಹೆಸರು, ಅರಬ್ಬಿ ಎಂಬ ನುಡಿ, ಕಹ್ತಾನ್-ಅದ್ನಾನ್ ಎಂಬ ವಂಶಾವಳಿ, ಮೈಯೊಳಗಿನ ವಂಶವಾಹಿ ಇವು ನಾಲ್ಕು ಬೇರೆ ಬೇರೆ ಸಂಗತಿಗಳು, ನಾಲ್ಕಕ್ಕೂ ಬೇರೆ ಬೇರೆ ವಯಸ್ಸು. ಒಂದರ ಸಾಕ್ಷಿಯನ್ನು ಇನ್ನೊಂದರ ಮೊಕದ್ದಮೆಯಲ್ಲಿ ಹಾಜರುಪಡಿಸಿದಾಗಲೆಲ್ಲ ತೀರ್ಪು ಕೆಡುತ್ತದೆ.

ಹೆಸರಿನಿಂದ ಹೊರಡೋಣ. ಈಗಿನ ತುರ್ಕಿಯ ಕುರ್ಖ್ ಎಂಬಲ್ಲಿ 1861ರಲ್ಲಿ ಸಿಕ್ಕ ಅಸ್ಸೀರಿಯದ ಶಿಲಾಶಾಸನವೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಪೂ. 853ರಲ್ಲಿ ಸಿರಿಯದ ಕಾರ್ಕರ್ ಬಳಿ ತನ್ನನ್ನು ಎದುರಿಸಿದ ಮಿತ್ರಪಡೆಯ ಪಟ್ಟಿಯನ್ನು ಮೂರನೆಯ ಶಾಲ್ಮನೇಸರ್ ಅದರಲ್ಲಿ ಕೊರೆಸಿದ್ದಾನೆ. ಇಸ್ರೇಲಿನ ಆಹಾಬನಿಗೆ 2,000 ರಥ. ಕೆಳಗೆ ಬಂದರೆ ಅರಬನಾದ ಗಿಂದಿಬು, ಅವನ 1,000 ಒಂಟೆಗಳು. ಅರಬ ಎಂಬ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು ಇಲ್ಲೇ. ಗಿಂದಿಬು ಎಂಬುದರಲ್ಲಿ ಅರಬ್ಬಿಯ ‘ಜುಂದುಬ್’, ಅಂದರೆ ಮಿಡತೆ, ಕೇಳಿಸುತ್ತದೆ ಎಂದು ಅನೇಕರು ಹೇಳಿದ್ದಾರೆ. ಇರಬಹುದು. ಆದರೆ ಒಂದು ಹೆಸರನ್ನು ಹಿಡಿದು ಒಬ್ಬನ ಮನೆಮಾತನ್ನು ಹೇಳುವುದು ಸಲ್ಲ. ನಮ್ಮಲ್ಲಿ ಮಾತಾಡುವವರ ನುಡಿ ಯಾವುದೇ ಇರಲಿ, ಹೆಸರುಗಳಲ್ಲಿ ಮುಕ್ಕಾಲು ಪಾಲು ಸಂಸ್ಕೃತದವೇ.

ಆ ಕಾಲಕ್ಕೆ ‘ಅರಬ’ ಎಂದರೆ ಜನಾಂಗವೋ, ಒಂಟೆ ಸಾಕಿ ಬಾಳುವ ರೀತಿಯೋ? ಯಾನ್ ರೆಟ್ಸೋ 2003ರಲ್ಲಿ ಪ್ರಕಟಿಸಿದ ದಪ್ಪ ಗ್ರಂಥದಲ್ಲಿ ಇದು ಜನಾಂಗದ ಹೆಸರೇ ಅಲ್ಲ, ಒಂದು ಬಗೆಯ ವ್ರತಬದ್ಧ ಯೋಧರ ಕೂಟ ಎಂದು ವಾದಿಸಿದ. ಪೀಟರ್ ವೆಬ್ 2016ರಲ್ಲಿ ಇನ್ನೂ ಮುಂದೆ ಹೋಗಿ, ತಾವೆಲ್ಲ ಅರಬರು ಎಂಬ ಭಾವನೆ ಗಟ್ಟಿಯಾದದ್ದೇ ಇಸ್ಲಾಮಿನ ನಂತರ ಎಂದ. ವೆಬ್‌ನ ಎಚ್ಚರಿಕೆ ಬೇಕಾದದ್ದೇ, ಆದರೆ ಅವನು ಕಾಲವನ್ನು ತೀರ ಕೆಳಗೆ ಎಳೆದಿದ್ದಾನೆಂದು ನನ್ನ ಅನಿಸಿಕೆ. ದಕ್ಷಿಣ ಸಿರಿಯದ ನಮಾರಾದಲ್ಲಿ 1901ರಲ್ಲಿ ಸಿಕ್ಕ, ಈಗ ಲೂವ್ರ್‌ನಲ್ಲಿರುವ ಸಮಾಧಿ ಶಾಸನ ಕ್ರಿ.ಶ. 328ರದು. ಲಿಪಿ ನಬಾತೀಯರದು, ಭಾಷೆ ಅರಬ್ಬಿ. ಅದರಲ್ಲಿ ಇಮ್ರು ಅಲ್-ಕೈಸ್ ಎಂಬಾತನಿಗೆ ಸಿಗುವ ಬಿರುದು ಎಲ್ಲ ಅರಬರ ರಾಜ ಎಂದು. ಇಲ್ಲಿ ‘ಅರಬ್’ ಎಂದರೆ ಜನವಲ್ಲ, ಒಂದು ಸೀಮೆ ಎಂದು ಓದುವವರಿದ್ದಾರೆ. ಹಾಗೆ ಓದಿದರೂ ಆ ಹೆಸರಿಗೆ ಆಗಲೇ ಮಾನವಿತ್ತು, ಒಬ್ಬ ರಾಜ ಅದನ್ನು ತಲೆಯ ಮೇಲೆ ಹೊತ್ತಿದ್ದ ಎಂಬುದಂತೂ ನಿಲ್ಲುತ್ತದೆ.

ಇದೇ ಹೊತ್ತಿಗೆ ಯೆಮನ್ನಿನಲ್ಲಿ ಏನಿತ್ತು? ಅಲ್ಲಿನ ಹಿಮ್ಯರ್ ಅರಸರ ಬಿರುದಾವಳಿ ಉದ್ದವಾದದ್ದು: ಸಬಾದ, ಧೂ-ರೈದಾನದ, ಹದ್ರಮೌತದ, ಯಮನತದ ಒಡೆಯ. ಐದನೆಯ ಶತಮಾನದಲ್ಲಿ ಬಾಲಕ್ಕೆ ಇನ್ನೊಂದು ಸೇರುತ್ತದೆ: ಬೆಟ್ಟಸೀಮೆಯ ಮತ್ತು ಕರಾವಳಿಯ ‘ತಮ್ಮ ಅರಬರ’ ಒಡೆಯ. ತಮ್ಮ ಅರಬರು, ಅಂದರೆ ತಮ್ಮ ಕೈಕೆಳಗಿನ ಅಲೆಮಾರಿಗಳು. ಅರಸರು ತಮ್ಮನ್ನು ಆ ಹೆಸರಿನಿಂದ ಕರೆದುಕೊಳ್ಳುವುದಿಲ್ಲ. ನಾಲ್ಕು ಶತಮಾನ ಕಳೆದ ಮೇಲೆ ಇದೇ ಹಿಮ್ಯರಿನವರು ಅಪ್ಪಟ ಅರಬರೆಂದು ವಂಶಾವಳಿಯಲ್ಲಿ ಮೇಲಿನ ಮಣೆ ಹತ್ತಿದರು. ಕಹ್ತಾನ್ ಎಂಬುದಾದರೂ ಮೊದಲಿಗೆ ಇಡೀ ದಕ್ಷಿಣದ ಮೂಲಪುರುಷನ ಹೆಸರಲ್ಲ. ಸೌದಿಯ ಕರ್ಯತ್ ಅಲ್-ಫಾವ್ ಸುತ್ತಿನ ಒಂದು ಬುಡಕಟ್ಟಿನ ಹೆಸರಾಗಿ, ಕಿಂದಾ ಎಂಬ ಇನ್ನೊಂದು ಬುಡಕಟ್ಟಿನ ಜೊತೆಯಲ್ಲಿ, ಶಾಸನಗಳಲ್ಲಿ ಬರುತ್ತದೆ.

ವಂಶಾವಳಿ ಸುಳ್ಳು ಎಂದು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ತಲೆಮಾರುಗಳನ್ನು ಒಪ್ಪಿಸುವುದನ್ನು ಕೇಳಿದವರಿಗೆ ಗೊತ್ತು: ಯಾರು ಯಾರಿಗೆ ದಾಯಾದಿ, ಯಾರ ಮನೆಗೆ ಹೆಣ್ಣು ಕೊಡಬಹುದು, ಯಾರಿಗೆ ಯಾವ ಹಕ್ಕು ಎಂಬುದೂ ಆ ಪಟ್ಟಿಯೊಳಗೇ ಇರುತ್ತದೆ. ಒಂಬತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಇಬ್ನ್ ಅಲ್-ಕಲ್ಬಿಯ ಮಹಾ ವಂಶಾವಳಿಯೂ ಈ ಬಗೆಯದೇ. ಅದಕ್ಕೆ ಒಂದೇ ಉದಾಹರಣೆ ಸಾಕು. ಕುದಾಅ ಎಂಬ ದೊಡ್ಡ ಬುಡಕಟ್ಟು ಗುಂಪನ್ನು ಮೊದಲು ಉತ್ತರದ ಮಅದ್ದ್ ಕವಲಿನವರೆಂದು ಎಣಿಸುತ್ತಿದ್ದರು. ಉಮಯ್ಯದ್ ಖಲೀಫರ ಕಾಲದ ಪಕ್ಷ-ಪ್ರತಿಪಕ್ಷಗಳ ಜಗಳದಲ್ಲಿ ಅದು ದಕ್ಷಿಣದ ಹಿಮ್ಯರಿಗೆ ಸೇರಿಕೊಂಡಿತು. ಬದುಕಿದ್ದವರು ಅಜ್ಜನನ್ನು ಬದಲಿಸಿದರು! ಇಬ್ನ್ ಖಲ್ದೂನ್ 1377ರ ‘ಮುಕದ್ದಿಮಾ’ದಲ್ಲಿ ಇದನ್ನು ಯಾವ ಮುಲಾಜೂ ಇಲ್ಲದೆ ಹೇಳಿದ್ದಾನೆ: ವಂಶವೆಂಬುದು ಕಲ್ಪಿತ, ಅದರ ಪ್ರಯೋಜನವೆಲ್ಲ ಜನರನ್ನು ಒಗ್ಗೂಡಿಸುವುದರಲ್ಲಿ.

ಅರಬ್ಬಿ, ಹೀಬ್ರೂ ಮೊದಲಾದ ನುಡಿಗಳ ಕುಟುಂಬಕ್ಕೆ ಇಟ್ಟ ‘ಸೆಮಿಟಿಕ್’ ಎಂಬ ಶಬ್ದದ ಹುಟ್ಟಿನಲ್ಲೂ ವಂಶಾವಳಿಯೇ ಇದೆ. 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಅದನ್ನು ಬೈಬಲಿನ ಆದಿಕಾಂಡದ ಹತ್ತನೆಯ ಅಧ್ಯಾಯದಿಂದ, ನೋಹನ ಮಗ ಶೇಮನ ಹೆಸರಿನಿಂದ ಎತ್ತಿಕೊಂಡ. ಆ ಅಧ್ಯಾಯದಲ್ಲಿ ಕಾನಾನ್ ಶೇಮನ ಮಗನಲ್ಲ, ಹಾಮನ ಮಗ. ಆದರೆ ಕಾನಾನರ ನುಡಿ ಹೀಬ್ರೂವಿಗೆ ಒಡಹುಟ್ಟು. ಶೆಬಾ ಒಮ್ಮೆ ಹಾಮನ ಕಡೆಯಲ್ಲೂ ಒಮ್ಮೆ ಶೇಮನ ಕಡೆಯಲ್ಲೂ ಬರುತ್ತಾನೆ. ಏಲಾಮ್ ಶೇಮನ ಮಗ, ಏಲಾಮಿನ ಭಾಷೆಗೋ ಸೆಮಿಟಿಕ್‌ನ ಗಂಧವೂ ಇಲ್ಲ. (ಡೇವಿಡ್ ಮ್ಯಾಕಾಲ್ಪಿನ್ 1970ರ ದಶಕದಲ್ಲಿ ಆ ಏಲಾಮಿಯನ್ನು ದ್ರಾವಿಡ ಭಾಷೆಗಳಿಗೆ ಗಂಟುಹಾಕಲು ನೋಡಿದ. ಗಂಟು ಇನ್ನೂ ಸಡಿಲವಾಗಿಯೇ ಇದೆ, ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ.)

ಈಗ ನುಡಿ. ಬಹುಕಾಲ ಪಠ್ಯಪುಸ್ತಕಗಳು ಅರಬ್ಬಿಯನ್ನು ಯೆಮನ್ನಿನ ಹಳೆಯ ಭಾಷೆಗಳು ಮತ್ತು ಇಥಿಯೋಪಿಯದ ಗೇಯೆಜ್ ಜೊತೆ ‘ದಕ್ಷಿಣ ಸೆಮಿಟಿಕ್’ ಎಂಬ ಒಂದೇ ಗೂಡಿಗೆ ಹಾಕಿದ್ದವು. ನಾನೂ ಒಂದು ಉಪನ್ಯಾಸದಲ್ಲಿ ಹಾಗೇ ಹೇಳಿ ಬಂದವನು, ಕೇಳಿದವರು ಕ್ಷಮಿಸಬೇಕು. ಆ ಗುಂಪಿಗೆ ಆಧಾರ ಮುಖ್ಯವಾಗಿ ಎರಡು. ಮೂಲ ಸೆಮಿಟಿಕ್‌ನ ‘ಪ’ ಈ ಭಾಷೆಗಳಲ್ಲೆಲ್ಲ ‘ಫ’ ಆಗಿರುವುದು ಒಂದು. ಬಹುವಚನಕ್ಕೆ ಪ್ರತ್ಯಯ ಹಚ್ಚದೆ ಪದದ ಒಳಗಿನ ಸ್ವರಗಳನ್ನೇ ಬದಲಿಸುವುದು ಇನ್ನೊಂದು: ಕಿತಾಬ್ ಒಂದು ಪುಸ್ತಕ, ಕುತುಬ್ ಹಲವು. ಮೊದಲನೆಯದರ ಬಲ ಎಷ್ಟು ಎಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ನಮ್ಮ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು. ಅತ್ತ ಆರ್ಮೇನಿಯನ್‌ನಲ್ಲೂ ಮೂಲ ‘ಪ’ಕಾರ ‘ಹ’ಕಾರವಾಗಿ ತಂದೆ ಎಂಬ ಪದ ‘ಹಾಯ್ರ್’ ಆಗಿದೆ. ಅಷ್ಟಕ್ಕೇ ಕನ್ನಡವೂ ಆರ್ಮೇನಿಯನ್ನೂ ಅಕ್ಕತಂಗಿಯರೆಂದು ಯಾರೂ ಹೇಳುವುದಿಲ್ಲ. ಇನ್ನು ಒಳಮುರಿದ ಬಹುವಚನ ಮೂಲ ಸೆಮಿಟಿಕ್‌ನಿಂದಲೇ ಬಂದ ಹಳೆಯ ಆಸ್ತಿ ಇರಬಹುದು. ಹಳೆಯದನ್ನು ಇಬ್ಬರೂ ಉಳಿಸಿಕೊಂಡರೆ ಅದು ಹತ್ತಿರದ ನಂಟಿಗೆ ಪುರಾವೆಯಲ್ಲ. ಹೊಸದನ್ನು ಒಟ್ಟಿಗೆ ಮಾಡಿದ್ದರೆ ಮಾತು ಬೇರೆ.

1970ರ ದಶಕದಲ್ಲಿ ರಾಬರ್ಟ್ ಹೆಟ್ಸ್ರಾನ್ ಹಿಡಿದದ್ದು ಇದೇ ಸೂತ್ರವನ್ನು. ಅಕ್ಕಾಡಿಯನ್ ಮತ್ತು ಗೇಯೆಜ್ ಭಾಷೆಗಳಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳುವಾಗ ಧಾತುವಿನ ನಡುವಿನ ವ್ಯಂಜನ ಇಮ್ಮಡಿಯಾಗುತ್ತದೆ. ಅರಬ್ಬಿ, ಹೀಬ್ರೂ, ಅರಮಾಯಿಕ್ ಈ ಹಳೆಯ ರೂಪವನ್ನು ಬಿಟ್ಟು, ಇಮ್ಮಡಿಯಿಲ್ಲದ ಹೊಸ ರೂಪವೊಂದನ್ನು ಕಟ್ಟಿಕೊಂಡಿವೆ. ಅರಬ್ಬಿಯ ‘ಯಕ್ತುಬು’, ಬರೆಯುತ್ತಾನೆ, ಅದರ ಮಾದರಿ. ಕ್ರಿಯಾಪದದ ಬೆನ್ನೆಲುಬಿನಲ್ಲೇ ಆದ ಇಂಥ ಬದಲಾವಣೆ ಮೂರು ಕಡೆ ಮೂರು ಸಲ ಕಾಕತಾಳೀಯವಾಗಿ ಆಗುವುದು ಕಷ್ಟ. ಆದ್ದರಿಂದ ಅರಬ್ಬಿಯ ಹತ್ತಿರದ ಬಂಧುಗಳು ಹೀಬ್ರೂ, ಅರಮಾಯಿಕ್. ಈ ಗುಂಪಿಗೆ ಮಧ್ಯ ಸೆಮಿಟಿಕ್ ಎಂದು ಹೆಸರಾಯಿತು. 1994ರಲ್ಲಿ ನಾರ್ಬರ್ಟ್ ನೇಬೆಸ್ ಸಬಾದ ಭಾಷೆಯಲ್ಲೂ ಇಮ್ಮಡಿ ಇಲ್ಲವೆಂದು ತೋರಿಸಿದ ಮೇಲೆ ಅದೂ ಈ ಗುಂಪಿಗೇ ಬಂತು. ಆದರೆ ಗುಂಪಿನೊಳಗೆ ಅದು ಬೇರೆಯೇ ಕವಲು, ಅರಬ್ಬಿಯ ತಾಯಿಯಲ್ಲ. ಎಂಟನೆಯ ಶತಮಾನದ ವ್ಯಾಕರಣಜ್ಞ ಅಬೂ ಅಮ್ರ್ ಇಬ್ನ್ ಅಲ್-ಅಲಾ ಹಿಮ್ಯರಿನ ನುಡಿ ನಮ್ಮ ನುಡಿಯಲ್ಲ ಎಂದದ್ದು ಅರಬ್ ಗ್ರಂಥಗಳಲ್ಲೇ ದಾಖಲಾಗಿದೆ. ವಂಶಾವಳಿಕಾರರ ಕಿವಿಗೆ ಅದು ಬೀಳಲಿಲ್ಲ.

ಹಾಗಾದರೆ ಅತಿ ಹಳೆಯ ಅರಬ್ಬಿ ಎಲ್ಲಿ ಸಿಗುತ್ತದೆ? ದಕ್ಷಿಣ ಸಿರಿಯದಿಂದ ಈಶಾನ್ಯ ಜೋರ್ಡಾನಿಗೆ, ಅಲ್ಲಿಂದ ಸೌದಿಯ ಉತ್ತರದ ಅಂಚಿಗೆ ಹಬ್ಬಿದ ‘ಹರ್ರಾ’ ಎಂಬ ಕರಿಕಲ್ಲಿನ ಮರುಭೂಮಿಯಲ್ಲಿ. ಅಲ್ಲಿ 30,000ಕ್ಕೂ ಹೆಚ್ಚು ಬರಹಗಳನ್ನು ಗುರುತಿಸಲಾಗಿದೆ. ಬರೆಸಿದವರು ಅರಸರಲ್ಲ, ಬರೆದವರು ಕುರಿ-ಒಂಟೆ ಕಾಯುವವರು. ಲಿಪಿಯನ್ನು ಸಫಾಯಿಟಿಕ್ ಎನ್ನುತ್ತಾರೆ. ಕಾಲ ಸುಮಾರು ಕ್ರಿಸ್ತಶಕದ ಆಚೀಚೆಯ ಶತಮಾನಗಳು. ಇಂಥವನ ಮಗ ಇಂಥವನು, ಅವನಪ್ಪ ಇಂಥವನು ಎಂದು ಶುರು. ಆಮೇಲೆ ಮೇವಿಗೆ ಬಂದದ್ದು, ಸತ್ತ ಗೆಳೆಯನಿಗೆ ಅತ್ತದ್ದು, ಲಾತ್ ದೇವತೆಗೆ ಕಾಪಾಡೆಂಬ ಮೊರೆ. ಮೈಕೇಲ್ ಮ್ಯಾಕ್‌ಡೊನಾಲ್ಡ್ ದಶಕಗಳ ಕಾಲ ಇವನ್ನು ಓದಿದ. ಅಹ್ಮದ್ ಅಲ್-ಜಲ್ಲಾದ್ 2015ರಲ್ಲಿ ಇವುಗಳ ವ್ಯಾಕರಣ ಬರೆದು, ಈ ನುಡಿ ಅರಬ್ಬಿಯ ಹಳೆಯ ರೂಪವೇ ಎಂದು ವಾದಿಸಿದ. ಆ ವಾದ ನನಗೆ ಒಪ್ಪಿಗೆ.

ಒಂದು ಕಲ್ಲನ್ನು ಹತ್ತಿರದಿಂದ ನೋಡಬೇಕು. ಸಫಾಯಿಟಿಕ್‌ನಲ್ಲಿ ಸ್ವರಗಳನ್ನು ಬರೆಯುವುದಿಲ್ಲ, ಆದ್ದರಿಂದ ಪದದ ಕೊನೆಯ ವಿಭಕ್ತಿ ಇತ್ತೋ ಇಲ್ಲವೋ ತಿಳಿಯದು. ಜೋರ್ಡಾನಿನ ವಾದಿ ಸಲ್ಮಾದಲ್ಲಿ ಸಿಕ್ಕು 2015ರಲ್ಲಿ ಪ್ರಕಟವಾದ ಕಲ್ಲಿನ ಮೇಲೆ ಒಬ್ಬ ದನಗಾಹಿ ತನ್ನ ಅರಬ್ಬಿಯನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದಾನೆ. ಅವನ ಹೆಸರು ಔಸ್. ತನ್ನ ಹೆಸರು, ಅಪ್ಪನದು, ಅಜ್ಜನದು, ಕುಲದ ಹೆಸರು ಹೇಳಿ, ಚಳಿಗಾಲ ಕಳೆಯಲು ಬಂದೆವು, ಎಳೆ ಹುಲ್ಲು ಮೇಯಿಸಿದೆವು ಎನ್ನುತ್ತಾನೆ. ಹುಲ್ಲಿಗೆ ಅವನು ಬಳಸುವ ಪದ ‘ಬಕ್ಲ’. ಕೊನೆಯ ಆ ‘ಅ’ಕಾರವನ್ನು ಗ್ರೀಕ್ ಆಲ್ಫಾದಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ಅದು ದ್ವಿತೀಯಾ ವಿಭಕ್ತಿ. ಬಾಗ್ದಾದು, ಬಸ್ರಾಗಳ ವ್ಯಾಕರಣಜ್ಞರು ಶತಮಾನಗಳ ನಂತರ ಸೂತ್ರ ಕಟ್ಟಿದ ವಿಭಕ್ತಿ ಒಬ್ಬ ದನಗಾಹಿಯ ದಿನದ ಮಾತಿನಲ್ಲಿ ಜೀವಂತ ಇತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಇನ್ನೊಂದನ್ನೂ ಗಮನಿಸಬೇಕು. ತಾನು ಅರಬ ಎಂದು ಔಸ್ ಎಲ್ಲೂ ಹೇಳಿಲ್ಲ. ನಮ್ಮವರು ಬೆಡಗು, ಬಳಿ ಹೇಳಿಕೊಳ್ಳುವಂತೆ ಅವನು ಹೇಳಿಕೊಂಡದ್ದು ಕುಲವನ್ನು ಮಾತ್ರ.

ವಂಶವಾಹಿಗಳ ವಿಚಾರಕ್ಕೆ ಬಂದರೆ ಗದ್ದಲವೇ ಹೆಚ್ಚು. ಗಂಡುಸಂತತಿಯಲ್ಲಿ ಸಾಗುವ ವೈ ಕ್ರೋಮೊಸೋಮಿನ ಜೆ1-ಪಿ58 ಎಂಬ ಗುರುತು ಯೆಮನ್, ಕತಾರ್, ನೆಗೆವ್‌ನ ಬೆಡುಯಿನ್‌ರಲ್ಲಿ ಬಹಳ ಹೆಚ್ಚು. ಅದನ್ನೇ ಹಿಡಿದು ಇದು ಅರಬರ ರಕ್ತ, ಇದರ ಈ ಕವಲು ಅದ್ನಾನನದು ಎಂದು ಹೇಳುವವರಿದ್ದಾರೆ. ಅದೇ ಗುರುತು ಯಹೂದಿ ಪುರೋಹಿತ ಮನೆತನಗಳಲ್ಲೂ ಇದೆ. ಅದರ ಹುಟ್ಟು ಅರಬ್ಬಿ ನುಡಿಗಿಂತ ಸಾವಿರಾರು ವರ್ಷ ಹಿಂದಿನದು. ಲೆಕ್ಕ ಹಾಕಿ ನೋಡಿ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು 1,024. ವೈ ಕ್ರೋಮೊಸೋಮ್ ಅವುಗಳಲ್ಲಿ ಒಂದರ ಕಥೆಯನ್ನಷ್ಟೇ ಹೇಳುತ್ತದೆ.

ಇಡೀ ಜೀನೋಮ್ ಓದಿದ ಅಧ್ಯಯನಗಳು ಹೆಚ್ಚು ನಂಬಬಹುದಾದವು. 2017ರಲ್ಲಿ ಮಾರ್ಕ್ ಹಾಬರ್ ಮತ್ತು ಸಂಗಡಿಗರು ಲೆಬನಾನಿನ ಸೈದಾದಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಿಂದಿನ ಐವರು ಕಾನಾನರ ಜೀನೋಮನ್ನು ಇಂದಿನ 99 ಲೆಬನಾನಿಗಳದರ ಜೊತೆ ಹೋಲಿಸಿದರು. ಇಂದಿನವರ ಮೂಲದಲ್ಲಿ ಶೇ. 90ಕ್ಕೂ ಹೆಚ್ಚು ಆ ಕಾನಾನರಿಗೆ ಹತ್ತಿರದ ಜನರದೇ. ಆ ನೆಲದಲ್ಲಿ ಫಿನೀಷಿಯನ್ ಹೋಗಿ ಅರಮಾಯಿಕ್ ಬಂತು, ಅರಮಾಯಿಕ್ ಹೋಗಿ ಅರಬ್ಬಿ ಬಂತು. ಜನ ಬಹುಪಾಲು ಅವರೇ. ಡಮಾಸ್ಕಸ್ಸಿನ ಈಶಾನ್ಯದ ಮಅಲೂಲಾ ಮತ್ತು ಅದರ ನೆರೆಯ ಎರಡು ಹಳ್ಳಿಗಳಲ್ಲಿ ಅರಮಾಯಿಕ್ ನಮ್ಮ ಕಾಲದವರೆಗೂ ಉಳಿದು ಬಂತು. ಆ ನೆರೆಹಳ್ಳಿಗಳವರು ಮುಸ್ಲಿಮರು.

ಅರೇಬಿಯದ ಚಿತ್ರ ಬೇರೆ. ಮೊಹಮದ್ ಅಲ್ಮರ್ರಿ ತಂಡ 2021ರಲ್ಲಿ ಎಂಟು ಸಮುದಾಯಗಳ 137 ಜೀನೋಮ್ ಓದಿ ತೋರಿಸಿದಂತೆ, ಲೆವಾಂಟಿನ, ಅಂದರೆ ಸಿರಿಯ-ಲೆಬನಾನ್ ಸೀಮೆಯ, ಜನರಿಗಿಂತ ಅರೇಬಿಯದವರಲ್ಲಿ ನತೂಫಿಯನ್ನರ, ಅಂದರೆ ಬೇಸಾಯಕ್ಕೂ ಮುಂಚೆ ಲೆವಾಂಟಿನಲ್ಲಿದ್ದ ಬೇಟೆಗಾರರ, ಪಾಲು ಹೆಚ್ಚು; ಅನಾತೋಲಿಯದ ರೈತರ ಪಾಲು ಕಡಿಮೆ. ಸುಮಾರು 6,000 ವರ್ಷಗಳ ಹಿಂದೆ, ಹುಲ್ಲುಗಾವಲು ಒಣಗಿ ಮರುಭೂಮಿಯಾದ ಹೊತ್ತಿಗೆ, ಅರೇಬಿಯದ ಜನಸಂಖ್ಯೆ ಕುಗ್ಗಿದ್ದರ ಗುರುತೂ ಅದರಲ್ಲಿದೆ. ಕಂಚಿನ ಯುಗದಲ್ಲಿ ಲೆವಾಂಟಿನಿಂದ ಹೊರಟ ಜನರ ಜೊತೆ ಸೆಮಿಟಿಕ್ ನುಡಿಗಳು ಹಬ್ಬಿರಬಹುದು ಎಂಬುದು ಆ ಲೇಖಕರ ಸೂಚನೆ. 2009ರಲ್ಲಿ ಕಿಚನ್ ಮತ್ತಿತರರು ಪದಪಟ್ಟಿಗಳ ಗಣಿತದಿಂದ ಮೂಲ ಸೆಮಿಟಿಕ್‌ಗೆ ಕೊಟ್ಟ ವಯಸ್ಸು ಸುಮಾರು 5,750 ವರ್ಷ, ನೆಲೆ ಲೆವಾಂಟ್; ಈ ಸೂಚನೆಗೆ ಅದು ಹೊಂದುತ್ತದೆ. ಆದರೆ ಎಲುಬು ಮಾತಾಡುವುದಿಲ್ಲ. ಇದನ್ನು ನಾನು ಸೂಚನೆ ಎಂದೇ ಬರೆದುಕೊಂಡಿದ್ದೇನೆ.

ನುಡಿ ಒಂದು ದಿಕ್ಕಿಗೆ, ಲಿಪಿ-ಕುಲ ಇನ್ನೊಂದು ದಿಕ್ಕಿಗೆ ಹೋಗುವುದಕ್ಕೆ ನಮ್ಮ ಮಂಗಳೂರಿನಲ್ಲೇ ನಿದರ್ಶನವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜು ಟ್ಯುನೀಷಿಯದ ಯಹೂದಿ. ಕೈರೋದ ಗೆನೀಜಾದಲ್ಲಿ (ಸಿನಗಾಗಿನ ಹಳೆಯ ಕಾಗದಗಳ ಉಗ್ರಾಣದಲ್ಲಿ) ಉಳಿದ ಅವನ ಪತ್ರಗಳ ಭಾಷೆ ಅರಬ್ಬಿ, ಅಕ್ಷರ ಹೀಬ್ರೂ.

ಕಡೆಗೆ ಒಂದು ಧ್ವನಿ. ಅರಬರು ತಮ್ಮದನ್ನು ‘ದಾದ್ ಅಕ್ಷರದ ನುಡಿ’ ಎನ್ನುತ್ತಾರೆ, ಆ ಉಚ್ಚಾರ ಬೇರೆಯವರಿಗೆ ಬಾರದೆಂಬ ಹೆಮ್ಮೆಯಲ್ಲಿ. ಅದು ನಮಗೆ ಪರ್ಷಿಯನ್ ಮೂಲಕ ‘ಜ’ ಆಗಿ ಬಂತು: ಜಿಲ್ಲೆ, ಜಾಮೀನು, ಜಪ್ತಿ, ಅರ್ಜಿ, ಫಜೀತಿ, ಮೇಲೆ ನಾನೇ ಬಳಸಿದ ‘ಹಾಜರು’, ಎಲ್ಲದರ ‘ಜ’ಕಾರದ ಹಿಂದೆ ಇರುವುದು ದಾದ್. ಸ್ಪೇನಿನವರು ಅದೇ ದಾದ್ ಇರುವ ‘ಕಾದಿ’ (ನ್ಯಾಯಾಧೀಶ) ಎಂಬ ಪದವನ್ನು ‘ಅಲ್ಕಾಲ್ದೆ’ ಎಂದು ಎತ್ತಿಕೊಂಡರು. ಅಲ್ಲಿ ನುಸುಳಿದ ‘ಲ’ಕಾರ ಕಿವಿಯ ತಪ್ಪಲ್ಲ. ಕ್ರಿ.ಪೂ. ಏಳನೆಯ ಶತಮಾನದ ಅಸ್ಸೀರಿಯನ್ನರೂ ಅರಬರ ರುದಾ ದೇವತೆಯನ್ನು ‘ರುಲ್ದಾಯು’ ಎಂದೇ ಬರೆದರು. ನಾಲಗೆಯ ಪಕ್ಕದಿಂದ ಗಾಳಿ ಬಿಟ್ಟು ನುಡಿಯಬೇಕೆಂದು ಎಂಟನೆಯ ಶತಮಾನದಲ್ಲಿ ಸೀಬವೈಹಿ ವರ್ಣಿಸಿದ್ದೂ ಈ ಧ್ವನಿಯನ್ನೇ. ಇಂದಿನ ಅರಬ್ಬಿಯಲ್ಲಿ ಬಹುಮಟ್ಟಿಗೆ ಅದು ಅಳಿಸಿಹೋಗಿದೆ. ಯೆಮನ್-ಒಮಾನ್ ಗಡಿಯ ಮಹ್ರಾದವರ ಮೆಹ್ರಿಯಲ್ಲಿ ಉಳಿದಿದೆ. ಮಹ್ರಾದವರು ವಂಶಾವಳಿಯಲ್ಲಿ ಕುದಾಅದ ಮೂಲಕ ಕಹ್ತಾನನ ಮಕ್ಕಳು, ಅಸಲು ಅರಬರು. ಅವರ ಮೆಹ್ರಿ ಮಾತ್ರ ಮಧ್ಯ ಸೆಮಿಟಿಕ್ ಗುಂಪಿನ ಹೊರಗಿದೆ, ಅರಬ್ಬಿಗೆ ಹೀಬ್ರೂ ಇರುವುದಕ್ಕಿಂತ ದೂರದಲ್ಲಿ.