ಸಲಿವನ್ ಸಹೋದರರು: ಒಂದು ಹೆಸರಿನ ಹಿಂದಿನ ಕಥೋಲಿಕ ಕುಟುಂಬ

ಅಮೆರಿಕದ ಅನೇಕ ಊರುಗಳಲ್ಲಿ ಮಾಜಿ ಸೈನಿಕರ ಸಂಘಗಳ ಸ್ಥಳೀಯ ಘಟಕಗಳಿವೆ. ಇವುಗಳಿಗೆ ಅಲ್ಲಿ 'ಪೋಸ್ಟ್' ಎನ್ನುತ್ತಾರೆ. 1919ರಲ್ಲಿ ಆರಂಭವಾದ ಅಮೆರಿಕನ್ ಲೀಜನ್ ಮತ್ತು 1935ರಲ್ಲಿ ವಂದನೀಯ ಎಡ್ವರ್ಡ್ ಹಿಗ್ಗಿನ್ಸ್ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಕಥೋಲಿಕ ಮಾಜಿ ಸೈನಿಕರ ಸಂಘ ಇವುಗಳಲ್ಲಿ ಸೇರಿವೆ. ಯುದ್ಧದಲ್ಲಿ ಮಡಿದ ಊರಿನ ಮಕ್ಕಳ ಹೆಸರನ್ನು ಘಟಕಕ್ಕೆ ಇಡುವುದು ವಾಡಿಕೆ. ಅಯೋವಾ ರಾಜ್ಯದ ವಾಟರ್‌ಲೂ ನಗರದಲ್ಲಿ 2008ರಲ್ಲಿ ತೆರೆದ ಮಾಜಿ ಸೈನಿಕರ ವಸ್ತುಸಂಗ್ರಹಾಲಯವೂ ಇದೇ ರೀತಿಯಲ್ಲಿ ಸಲಿವನ್ ಸಹೋದರರ ಹೆಸರನ್ನು ಪಡೆದಿದೆ.

ಐವರು ಪುತ್ರರು

ಥಾಮಸ್ ಮತ್ತು ಅಲೀಟಾ ಸಲಿವನ್ ದಂಪತಿಯದು ಐರಿಶ್ ಮೂಲದ ಕಥೋಲಿಕ ಕುಟುಂಬ. ಥಾಮಸ್ ರೈಲ್ವೆ ನೌಕರರು. ಜಾರ್ಜ್, ಫ್ರಾನ್ಸಿಸ್, ಜೋಸೆಫ್, ಮ್ಯಾಡಿಸನ್, ಆಲ್ಬರ್ಟ್ ಪುತ್ರರು, ಜೆನೆವೀವ್ ಪುತ್ರಿ. ಪರ್ಲ್ ಹಾರ್ಬರ್ ದಾಳಿಯಲ್ಲಿ ಸ್ನೇಹಿತನೊಬ್ಬನನ್ನು ಕಳೆದುಕೊಂಡ ಐವರೂ, ಒಟ್ಟಿಗೇ ಇರಿಸಬೇಕೆಂಬ ಷರತ್ತಿನೊಂದಿಗೆ 1942ರ ಜನವರಿ 3ರಂದು ನೌಕಾಪಡೆ ಸೇರಿದರು.

ಅದೇ ವರ್ಷ ನವೆಂಬರ್ 13ರಂದು ಗ್ವಾಡಲ್‌ಕನಾಲ್ ಬಳಿ ಅವರಿದ್ದ 'ಜೂನೋ' ಯುದ್ಧನೌಕೆ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಮುಳುಗಿತು. ಜೊತೆಗಿದ್ದ ಹಡಗುಗಳು ಮತ್ತೊಂದು ದಾಳಿಯ ಭಯದಿಂದ ನಿಲ್ಲದೆ ಮುಂದೆ ಸಾಗಿದವು. ಸುಮಾರು ನೂರು ಮಂದಿ ನೀರಿನಲ್ಲಿ ಬದುಕುಳಿದಿದ್ದರೂ ಕೊನೆಗೆ ರಕ್ಷಿಸಲ್ಪಟ್ಟವರು ಹತ್ತು ಮಂದಿ ಮಾತ್ರ. ಹಿರಿಯನಾದ ಜಾರ್ಜ್ ಕೆಲವು ದಿನ ತೆಪ್ಪದ ಮೇಲೆ ಜೀವಂತವಾಗಿದ್ದನೆಂದು ಬದುಕುಳಿದವರು ಹೇಳಿದರು. ಕಿರಿಯನಾದ ಆಲ್ಬರ್ಟ್‌ಗೆ 20 ವರ್ಷ. ಅವನಿಗೆ ಮಡದಿಯೂ ಎಳೆಯ ಮಗುವೂ ಇದ್ದರು.

ತಾಯಿಯ ಪತ್ರ

ಪುತ್ರರ ಪತ್ರಗಳು ನಿಂತುಹೋಗಿ ಊರಲ್ಲಿ ಸುದ್ದಿ ಹರಡಿದಾಗ ಅಲೀಟಾ ನಿಜಾಂಶ ತಿಳಿಸುವಂತೆ ನೌಕಾಪಡೆಗೆ ಪತ್ರ ಬರೆದರು. ತಮ್ಮ ಕೈಯಿಂದ ನೀರಿಗಿಳಿಯಬೇಕಿದ್ದ ಹೊಸ ಹಡಗಿನ ನಾಮಕರಣವನ್ನು ಮಕ್ಕಳಿಗೆ ಏನಾಗಿದ್ದರೂ ನೆರವೇರಿಸುವುದಾಗಿ ಅದರಲ್ಲಿ ತಿಳಿಸಿದ್ದರು. 1943ರ ಜನವರಿಯಲ್ಲಿ ಅಧಿಕಾರಿಗಳು ಮನೆಗೆ ಬಂದು ಸುದ್ದಿ ತಿಳಿಸಿದರು. ಅಂದೂ ಥಾಮಸ್ ಕೆಲಸಕ್ಕೆ ಹೋದರು. ಫೆಬ್ರವರಿಯಲ್ಲಿ ತಾಯಿ ಮಾತಿನಂತೆ ನಡೆದುಕೊಂಡರು. ಜಗದ್ಗುರು 12ನೇ ಪಿಯುಸ್ ಅವರು ಜಪಸರ ಮತ್ತು ಬೆಳ್ಳಿಯ ಪದಕ ಕಳುಹಿಸಿ ಸಂತೈಸಿದರು. ಜೆನೆವೀವ್ ನೌಕಾಪಡೆಯ ಮಹಿಳಾ ವಿಭಾಗ ಸೇರಿದರು.

ಹೆಸರು ಉಳಿದ ಬಗೆ

1943ರ ಏಪ್ರಿಲ್‌ನಲ್ಲಿ 'ದಿ ಸಲಿವನ್ಸ್' ಹೆಸರಿನ ಯುದ್ಧನೌಕೆಯನ್ನೂ ತಾಯಿಯೇ ನೀರಿಗಿಳಿಸಿದರು. ಅದು ಈಗ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಸ್ಮಾರಕವಾಗಿದೆ. 1997ರಲ್ಲಿ ಸೇವೆಗೆ ಸೇರಿದ ಅದೇ ಹೆಸರಿನ ಎರಡನೆಯ ನೌಕೆಗೆ ನಾಮಕರಣ ಮಾಡಿದವರು ಆಲ್ಬರ್ಟ್‌ನ ಮೊಮ್ಮಗಳು. ಮುಳುಗಿದ 'ಜೂನೋ' 2018ರ ಮಾರ್ಚ್ 17ರಂದು, ಐರಿಶ್ ಜನರ ಪಾಲಕ ಸಂತ ಪ್ಯಾಟ್ರಿಕ್ ಅವರ ಹಬ್ಬದ ದಿನ, ಸಮುದ್ರತಳದಲ್ಲಿ ಪತ್ತೆಯಾಯಿತು.

ಈ ದುರಂತದ ನಂತರ ಸಹೋದರರು ಒಂದೇ ಹಡಗಿನಲ್ಲಿ ಇರುವುದನ್ನು ಕಾನೂನು ನಿಷೇಧಿಸಿತೆಂಬ ಮಾತಿದೆ, ಅದು ಸರಿಯಲ್ಲ. ಆದರೆ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಯಲ್ಲಿ ಉಳಿದ ಒಬ್ಬನೇ ಮಗನಿಗೆ ಕಡ್ಡಾಯ ಸೇವೆಯಿಂದ ವಿನಾಯಿತಿ ನೀಡುವ ನಿಯಮ 1948ರಲ್ಲಿ ಬಂತು. ಒಂದು ಕುಟುಂಬದಿಂದ ಎಷ್ಟು ಕೇಳಬಹುದು ಎಂಬುದಕ್ಕೆ ಮಿತಿಯಿದೆ ಎಂದು ದೇಶವೇ ಒಪ್ಪಿಕೊಂಡಂತಾಯಿತು.

ಫಲಕದ ಮೇಲೆ ಐವರ ಹೆಸರಿದೆ. ಅದರ ಹಿಂದೆ ತಂದೆತಾಯಿ, ಸಹೋದರಿ, ವಿಧವೆ, ಮಗು ಇದ್ದಾರೆ. ಮೃತರ ಸ್ಮರಣೆಯ ನವೆಂಬರ್ ತಿಂಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಹೆಸರುಗಳನ್ನು ಓದುವಾಗ, ಉಳಿದುಕೊಂಡವರಿಗಾಗಿಯೂ ಪ್ರಾರ್ಥಿಸೋಣ. ಸಾಧ್ಯವಾದರೆ ಅವರ ಮನೆಗೆ ಹೋಗಿ ಬರೋಣ.