ಸಣ್ಣ ಹೊಟ್ಟೆಯ ಊಟ: ಬರಗಾಲದಿಂದ ಆಪರೇಷನ್ನಿನವರೆಗೆ

ಈಗ ನಾಲ್ಕಾರು ವರ್ಷದಿಂದ ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಒಂದು ಹೊಸ ಮಾತು ಕೇಳಿ ಬರುತ್ತಿದೆ. "ಅವ ಸೊಲ್ಲಾಪುರಕ್ಕ ಹೋಗಿ ಹೊಟ್ಟಿ ಸಣ್ಣದು ಮಾಡಿಸಿಕೊಂಡು ಬಂದಾನಂತ" ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುತ್ತಾರೆ. ಹೇಳಿ ನಗುತ್ತಾರೆ. "ಉಣ್ಣೂದು ಕಡಿಮಿ ಮಾಡಾಕ ಅಷ್ಟೊಂದು ರೊಕ್ಕ ಯಾಕ ಸುರೀಬೇಕು, ಬಾಯಿ ಕಟ್ಟಿದ್ರ ಆತು" ಅಂತಾರ. ಆ ನಗುವಿಗೆ ಉತ್ತರ ಹುಡುಕಲು ಹೋದಾಗ ನನಗೆ ಸಿಕ್ಕಿದ್ದು ನಮ್ಮದೇ ನಾಡಿನ ಇತಿಹಾಸ. ಹೊಟ್ಟೆ ಸಣ್ಣದಾಗುವುದು ನಮಗೆ ಹೊಸ ಸಂಗತಿಯಲ್ಲ. ಸಣ್ಣದಾದ ಹೊಟ್ಟೆಗೆ ಮತ್ತೆ ಹೆಂಗ ಅನ್ನ ಹಾಕಬೇಕು ಎಂಬ ವಿದ್ಯೆಯೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಏಳನೆಯ ಇಯತ್ತೆ ಕಲಿತ ರೈತ ನಾನು, ಭಜನಿ ಮೇಳದಾಗ ಹಾಡುವವ. ತಿಳಿದಷ್ಟು ಬರೆದಿದ್ದೇನೆ.

ಸೊಲ್ಲಾಪುರ ಜಿಲ್ಲೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ನಾಡು. ಮೋಡ ಬರುತ್ತವೆ, ನಮ್ಮ ತಲೆಯ ಮೇಲೆ ಹಾದು ಹೋಗುತ್ತವೆ. 12ನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ್ದು ಈ ನೀರಿನ ಕಷ್ಟಕ್ಕಾಗಿಯೇ. 1791-92ರಲ್ಲಿ ಬಿದ್ದ ಬರಕ್ಕೆ ನಮ್ಮ ಕಡೆ ಡೋಗಿ ಬರ ಎನ್ನುತ್ತಾರೆ, ಅಂದರೆ ತಲೆಬುರುಡೆಯ ಬರ. ಸತ್ತವರನ್ನು ಸುಡಲು, ಹೂಳಲು ಸಹಿತ ಜನ ಉಳಿಯಲಿಲ್ಲ, ಬುರುಡೆಗಳು ಹೊಲದಾಗ ಬಿದ್ದಿದ್ದವು ಎಂಬುದಕ್ಕೆ ಆ ಹೆಸರು.

ಅದಾದ ಮೇಲೆ ದೊಡ್ಡ ಬರ ಬಿದ್ದದ್ದು 1876ರಲ್ಲಿ. ಸೊಲ್ಲಾಪುರ, ಕಲಾದಗಿ ಜಿಲ್ಲೆಗಳಿಗೆ ಬಲವಾದ ಪೆಟ್ಟು ಬಿತ್ತು. ಬ್ರಿಟಿಷ್ ಸರಕಾರ ಕೆರೆ, ರಸ್ತೆ ಕೆಲಸ ತೆಗೆದು ಕೂಲಿ ಕೊಟ್ಟಿತು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಸಾಹೇಬ ಬಂದು, ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಬಿಡಿಗಾಸು ಸಾಕು ಎಂದು ಲೆಕ್ಕ ಹಾಕಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ಜೋಳಕ್ಕೆ ನಾಲ್ಕೈದು ರೊಟ್ಟಿ ಆದಾವು. ಬೇಳೆಯಿಲ್ಲ, ಎಣ್ಣೆಯಿಲ್ಲ, ಬಿಸಿಲಿನಲ್ಲಿ ದಿನವಿಡೀ ಮಣ್ಣು ಹೊರಬೇಕು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಯವರು ಈ ಕೂಲಿ ಬೇಡವೆಂದು ಕೆಲಸ ಬಿಟ್ಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟು ತಿಂದು ದುಡಿಯುವ ಮನುಷ್ಯ ಉಳಿಯುವುದಿಲ್ಲವೆಂದು ವಾದಿಸಿದ.

ಅದೇ ಬರದ ಕುರಿತು ಮದ್ರಾಸಿನ ವೈದ್ಯ ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಒಂದು ಪುಸ್ತಕ ಬರೆದ. ಬರದಲ್ಲಿ ಸತ್ತವರ ದೇಹ ತೆರೆದು ನೋಡಿದ ವೈದ್ಯ ಅವ. ಹಸಿದು ಹಸಿದು ಕರುಳು ಕಾಗದದಂತೆ ತೆಳ್ಳಗಾಗಿರುತ್ತದೆ, ಆಮೇಲೆ ಅನ್ನ ಸಿಕ್ಕರೂ ಅದು ಅರಗಿಸಿಕೊಳ್ಳಲಾರದು, ಭೇದಿಯಾಗಿ ಮನುಷ್ಯ ಹೋಗುತ್ತಾನೆ. ಅನ್ನವಿಲ್ಲದೆ ಸತ್ತವರು ಒಂದು ಕಡೆ, ಅನ್ನ ಸಿಕ್ಕ ಮೇಲೆ ಸತ್ತವರು ಇನ್ನೊಂದು ಕಡೆ.

ನಮ್ಮ ಆಯಿ ಓದು ಬಲ್ಲವಳಲ್ಲ. ಆದರೆ ಅಕಿ ತನ್ನ ಅತ್ತೆಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು. ಬರದಾಗ ಬಳಲಿ ಬಂದವರಿಗೆ ಮೊದಲ ದಿನ ತೆಳು ಗಂಜಿ, ಅದೂ ಒಂದೊಂದೇ ಗುಟುಕು. ನಾಲ್ಕು ದಿನಕ್ಕೆ ಮಜ್ಜಿಗಿ ಕಲಸಿದ ಅಂಬಲಿ. ಆಮೇಲೆ ಮೆತ್ತಗ ಕುದಿಸಿದ ನುಚ್ಚು. ರೊಟ್ಟಿ ಎಲ್ಲಕ್ಕಿಂತ ಕಡೀಕ. "ರೊಟ್ಟಿ ಕೇಳಿ ಅಳ್ತಾರ, ಆದ್ರೂ ಕೊಡಬಾರದು, ಕೊಟ್ಟವರಿಗೆ ಪಾಪ ಬರ್ತದ" ಅನ್ನುತ್ತಿದ್ದಳು. ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಮತ್ತೆ ಬರುತ್ತದೆ.

ದೊಡ್ಡ ದೊಡ್ಡ ದೇಶಗಳು ಇದನ್ನು ಬಹಳ ತಡವಾಗಿ ಕಲಿತವು. 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಜರ್ಮನಿಯ ಬರ್ಗನ್-ಬೆಲ್ಸನ್ ಎಂಬ ಸೆರೆ ಶಿಬಿರವನ್ನು ಬಿಡಿಸಿತು. ಎಲುಬಿನ ಹಂದರವಾಗಿದ್ದ ಜನರಿಗೆ ಸಿಪಾಯಿಗಳು ಕರುಣೆಯಿಂದ ತಮ್ಮ ಡಬ್ಬಿಯ ಮಾಂಸ, ಕೊಬ್ಬಿನ ಊಟ ಕೊಟ್ಟರು. ತಿಂದವರಲ್ಲಿ ಎಷ್ಟೋ ಜನ ಆ ಊಟದಿಂದಲೇ ಸತ್ತರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೆ ಅನ್ನ ಬಿದ್ದರೆ ರಕ್ತದಲ್ಲಿಯ ಲವಣಗಳು ಏರುಪೇರಾಗಿ ಹೃದಯ ನಿಲ್ಲುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆಗ ಅಲ್ಲಿಗೆ ತಂದ ಒಂದು ತೆಳು ಆಹಾರದ ಹೆಸರು ಬಂಗಾಲ ಬರದ ಮಿಶ್ರಣ. 1943ರ ನಮ್ಮ ಬಂಗಾಲದ ಬರದಲ್ಲಿ ಹುಟ್ಟಿದ್ದು. ಹಾಲಿನ ಪುಡಿ, ಸಕ್ಕರೆ ಮುಂತಾದವು ಕಲಸಿದ್ದು. ಅಲ್ಲಿಯ ಜನರಿಗೆ ಅದು ಬಹಳ ಸಿಹಿಯಾಯಿತು, ಹಲವರಿಗೆ ಬಾಯಿಗೆ ಸೇರಲಿಲ್ಲ. ಸಣ್ಣ ಹೊಟ್ಟೆಗೂ ತನ್ನ ಊರಿನ ರುಚಿಯೇ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನನ್ನ ಕಣ್ಣಾರೆ ಕಂಡದ್ದು 1972ರ ಬರ. ನನ್ನ ಸಾಲಿ ಏಳನೇ ಇಯತ್ತೆಗೆ ನಿಂತದ್ದು ಅದೇ ವರ್ಷ. ಅವ್ವ ಅಪ್ಪನ ಜೊತೆ ಖಡಿ ಒಡೆಯಲು ಹೋಗುತ್ತಿದ್ದೆ. 1973ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಬರಗಾಲದ ಕೆಲಸದ ಮೇಲಿದ್ದರು. ಅಮೆರಿಕದಿಂದ ಮಿಲೋ ಎಂಬ ಕೆಂಪು ಜೋಳ ಬಂತು. ಮಾಲದಂಡಿ ಜೋಳದ ಬಿಳಿ ರೊಟ್ಟಿ ಉಂಡ ಬಾಯಿಗೆ ಆ ಕೆಂಪು ರೊಟ್ಟಿ ಇಳಿಯುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಸುಕಡಿ ಎಂಬ ಪುಡಿ ತಿನಿಸು ಹಂಚುತ್ತಿದ್ದರು. ಆ ಬರದಲ್ಲಿ 1876ರ ಹಾಗೆ ಹೆಣ ಬೀಳಲಿಲ್ಲ. ಮುಂದೆ 1977ರಲ್ಲಿ ರೋಜಗಾರ ಹಮಿ ಕಾನೂನು ಪಾಸಾಯಿತು. ಆದರೆ ಆ ವರ್ಷ ಬೆಳೆದ ನಮ್ಮ ವಾರಿಗೆಯವರ ತಲೆಯಲ್ಲಿ ಒಂದು ಮಾತು ಕುಳಿತುಬಿಟ್ಟಿತು: ಇದ್ದಾಗ ಉಣ್ಣು, ಬಂದವರಿಗೆ ಒತ್ತಾಯ ಮಾಡಿ ಉಣ್ಣಿಸು, ಎಲಿಯಾಗ ಏನೂ ಬಿಡಬ್ಯಾಡ.

ಈಗ ಆಪರೇಷನ್ನಿನ ಕತೆಗೆ ಬರೋಣ. 1881ರಲ್ಲಿ ವಿಯೆನ್ನಾದ ಬಿಲ್‌ರೋತ್ ಎಂಬ ವೈದ್ಯ ಕ್ಯಾನ್ಸರ್ ಆದ ಜಠರದ ಒಂದು ಭಾಗ ಕೊಯ್ದು ತೆಗೆದು ರೋಗಿಯನ್ನು ಉಳಿಸಿದ. ಜಠರ ಅರ್ಧ ಇದ್ದರೂ ಮನುಷ್ಯ ಬದುಕುತ್ತಾನೆ ಎಂದು ಜಗತ್ತಿಗೆ ತಿಳಿಯಿತು. ತೂಕ ಇಳಿಸಲೆಂದೇ ಮಾಡಿದ ಮೊದಮೊದಲ ಆಪರೇಷನ್ 1954ರಲ್ಲಿ ಅಮೆರಿಕದ ಮಿನೆಸೋಟಾದಿಂದ ಬೆಳಕಿಗೆ ಬಂತು. ಕರುಳಿನ ಬಹುಪಾಲು ಬಿಟ್ಟು ಅನ್ನಕ್ಕೆ ಅಡ್ಡದಾರಿ ಮಾಡುವ ಆ ಪದ್ಧತಿಯಿಂದ ಭೇದಿ, ಯಕೃತ್ತಿನ ಬೇನೆ ಬಂದು ಅದನ್ನು ಬಿಟ್ಟುಕೊಟ್ಟರು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದ. ಹೊಟ್ಟೆಹುಣ್ಣಿಗಾಗಿ ಜಠರ ಕೊಯ್ಸಿಕೊಂಡ ಹೆಣ್ಣುಮಕ್ಕಳು ಮತ್ತೆ ದಪ್ಪ ಆಗುವುದಿಲ್ಲ ಎಂಬುದನ್ನು ಅವ ಗಮನಿಸಿದ್ದ. ಜಠರದ ಮೇಲಿನ ಸಣ್ಣ ಚೀಲ ಬಿಟ್ಟು ಉಳಿದದ್ದಕ್ಕೆ ಅನ್ನ ಹೋಗದಂತೆ ಮಾಡುವುದೇ ಬೈಪಾಸ್. ಈಗ ಹೆಚ್ಚಾಗಿ ನಡೆಯುವ ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲು ಅಥವಾ ತುಸು ಹೆಚ್ಚು ಕೊಯ್ದು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆ ಮಾಡುತ್ತಾರೆ.

ಹಾಗಾದರೆ ಬಾಯಿ ಕಟ್ಟಿದರೆ ಆಗುವುದಿಲ್ಲವೇ? 1944-45ರಲ್ಲಿ ಅದೇ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಗಟ್ಟಿಮುಟ್ಟು ತರುಣರನ್ನು, ಅವರ ಒಪ್ಪಿಗೆಯಿಂದ, ಆರು ತಿಂಗಳು ಅರೆಹೊಟ್ಟೆ ಇಟ್ಟು ನೋಡಿದರು. ಅವರಿಗೆ ಹಗಲು ರಾತ್ರಿ ಅನ್ನದ್ದೇ ಧ್ಯಾನ. ಊಟ ಮತ್ತೆ ಶುರುವಾದ ಮೇಲೂ ಎಷ್ಟು ಉಂಡರೂ ತೃಪ್ತಿಯಿಲ್ಲ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಎಂಬ ವಿಜ್ಞಾನಿಗಳು ಗ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಹಸಿವು ಹುಟ್ಟಿಸುವ ಆ ರಸ ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ಆಗುತ್ತದೆ. ಉಪವಾಸದಿಂದ ತೂಕ ಇಳಿದರೆ ಅದು ಏರುತ್ತದೆ, ಸ್ಲೀವಿನಲ್ಲಿ ಆ ಭಾಗವನ್ನೇ ತೆಗೆಯುವುದರಿಂದ ಇಳಿಯುತ್ತದೆ. ಬಹಳ ತೂಕ ಏರಿದವರ ಹಸಿವು ಬರೀ ಬಾಯಿಚಪಲವಲ್ಲ ಎಂಬುದು ಇದರಿಂದ ಸ್ಪಷ್ಟ. ನಗುವವರು ಇದನ್ನು ತಿಳಿಯಬೇಕು.

ನನ್ನ ತಮ್ಮನ ಮಗ ಟೆಂಪೋ ಹೊಡೆಯುವವ, ವಯಸ್ಸು 41. ತೂಕ 130 ಕಿಲೋಕ್ಕೆ ಹೋಗಿತ್ತು, ಸಕ್ಕರೆ ಬೇನೆ ಇತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನಿಗೆ ಸ್ಲೀವ್ ಆಪರೇಷನ್ ಆಯಿತು. ದವಾಖಾನೆಯಿಂದ ಬರುವಾಗ ಊಟದ ಒಂದು ಚೀಟಿ ಕೊಟ್ಟಿದ್ದರು. ಓದಿದರೆ ನಮ್ಮ ಆಯಿ ಹೇಳಿದ ಕ್ರಮವೇ! ಮೊದಲು ನೀರಿನಂಥದ್ದು, ಸಣ್ಣ ಬಟ್ಟಲಿನಲ್ಲಿ ಗುಟುಕು ಗುಟುಕಾಗಿ: ಬೇಳೆಕಟ್ಟು, ಸೋಸಿದ ಸಾರು, ತಿಳಿ ಮಜ್ಜಿಗಿ. ಆಮೇಲೆ ಎರಡು ವಾರದ ತನಕ ಹಾಲು, ತೆಳು ಗಂಜಿ. ಮೂರನೇ ವಾರದಿಂದ ನುಣ್ಣಗೆ ಅರೆದದ್ದು: ಹೆಸರುಬೇಳೆ, ಮೊಸರು. ಐದನೇ ವಾರಕ್ಕೆ ಮೆತ್ತನೆಯ ನುಚ್ಚು. ಒಂದೂವರೆ ಎರಡು ತಿಂಗಳ ನಂತರ, ಸಾರಿನಲ್ಲಿ ನೆನೆಸಿದ ಬಿಸಿ ರೊಟ್ಟಿಯ ಚೂರು. ನಮ್ಮ ಸೊಲ್ಲಾಪುರದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಮುಂದೆ, ಬಹಳ ಅಗಿದು. ದಿನಗಳ ಲೆಕ್ಕ ಒಬ್ಬೊಬ್ಬರಿಗೆ ಬೇರೆ, ಅವರವರ ವೈದ್ಯರು ಹೇಳಿದ್ದೇ ಪ್ರಮಾಣ.

ಊಟದ ರೀತಿಯೂ ಹೊಸದಾಗಿ ಕಲಿಯಬೇಕು. ಒಂದು ಸಣ್ಣ ಬಟ್ಟಲು ಉಣ್ಣಲು ಇಪ್ಪತ್ತು ಮೂವತ್ತು ನಿಮಿಷ. ಊಟದ ನಡುವೆ ನೀರಿಲ್ಲ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಜಾಗ ಕಡಿಮೆ, ಅದಕ್ಕೇ ಬೇಳೆ, ಮೊಸರು, ತತ್ತಿ ಮೊದಲು; ಅನ್ನ, ರೊಟ್ಟಿ ಆಮೇಲೆ. ಸಿಹಿ ಹೆಚ್ಚಾದರೆ, ಅದರಲ್ಲೂ ಬೈಪಾಸ್ ಆದವರಿಗೆ, ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಮೂರು ತಿಂಗಳಿಗೆ ಕೂದಲು ಉದುರುವುದುಂಟು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಕಾಯಂ ನುಂಗಬೇಕು, ರಕ್ತ ತಪಾಸಣೆ ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ವಾಂತಿ ನಿಲ್ಲದಿದ್ದರೆ "ಪಿತ್ತ ಆಗೇದ" ಎಂದು ಮನೆಯಲ್ಲಿ ಕೂಡಬಾರದು. ದಿನಗಟ್ಟಲೆ ವಾಂತಿಯಾದರೆ ಬಿ-1 ಜೀವಸತ್ವ ಖಾಲಿಯಾಗಿ ನರ, ಮಿದುಳಿಗೆ ಪೆಟ್ಟು ಬೀಳುತ್ತದೆ. ಕೂಡಲೇ ದವಾಖಾನೆಗೆ ಹೋಗಬೇಕು.

ಇಷ್ಟೆಲ್ಲ ಅವನು ಕಲಿತ. ಆದರೆ ಊರು ಕಲಿಯಲಿಲ್ಲ. ಆಪರೇಷನ್ ಆಗಿ ಮೂರು ವಾರಕ್ಕೆ ಬೀಗರ ಮನೆಯ ವಾಸ್ತುಶಾಂತಿ ಬಂತು. "ಒಂದs ಹೋಳಿಗಿ, ನಮ್ಮ ಮಾತಿಗೆ ಬೆಲಿ ಇಲ್ಲೇನು?" ಎಂದು ಹಿರಿಯರೊಬ್ಬರು ಕೈಯಾರೆ ಬಾಯಿಗೆ ಇಟ್ಟರು. ಬ್ಯಾಡ ಅನ್ನಲಾರದೆ ನುಂಗಿದ. ರಾತ್ರಿಯಿಡೀ ವಾಂತಿ, ಎದೆಯಲ್ಲಿ ಕಲ್ಲು ಸಿಕ್ಕಂಥ ನೋವು. ಎರಡು ದಿನ ಸಲೈನ್ ಮೇಲೆ ಇದ್ದ. ಆಮೇಲೆ ಅವನು ಮದುವೆ, ಜಾತ್ರೆ ಬಿಟ್ಟ, ಭಜನೆಗೆ ಬರುವುದನ್ನೂ ಬಿಟ್ಟ. ತೂಕ ಇಳಿದಂತೆಲ್ಲ "ಇವಗ ಕ್ಯಾನ್ಸರ್ ಆಗೇದ" ಎಂದು ಗುಸುಗುಸು ಬೇರೆ. ಯಾಕೆ ಬರುವುದಿಲ್ಲ ಎಂದು ಕೇಳಿದರೆ, "ದೊಡ್ಡಪ್ಪಾ, ಹಸಿವಿ ಅಂಜಿಕಿ ಇಲ್ಲ, ಬಡಸವರ ಅಂಜಿಕಿ" ಅಂದ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಮ್ಮ ಒತ್ತಾಯ ಕೆಟ್ಟದ್ದಲ್ಲ. ಡೋಗಿ ಬರ, 1876, 1972 ಕಂಡ ನಾಡಿನಲ್ಲಿ ಒಬ್ಬರ ಬಾಯಿಗೆ ಒಂದು ತುತ್ತು ಹೆಚ್ಚು ಇಡುವುದೆಂದರೆ ಒಂದು ದಿನದ ಆಯುಷ್ಯ ಕೊಟ್ಟಂತೆ. ನಮ್ಮ ಮಾಯೆ ಹುಟ್ಟಿದ್ದು ಬರದಲ್ಲಿ ಎಂದು ನನಗೆ ಅನಿಸುತ್ತದೆ. ಆದರೆ ಅದೇ ಬರ ಕಲಿಸಿದ ಇನ್ನೊಂದು ಪಾಠವೂ ಇತ್ತು: ಬಳಲಿದ ಹೊಟ್ಟೆಗೆ ತಡೆದು ಕೊಡು. ಒತ್ತಾಯ ಉಳಿಸಿಕೊಂಡೆವು, ತಡೆಯುವುದನ್ನು ಮರೆತೆವು.

ಆದ್ದರಿಂದ ವಾಚಕರಲ್ಲಿ, ಮುಖ್ಯವಾಗಿ ಸಾಲಿ ಗುರುಗಳಲ್ಲಿ ನನ್ನದೊಂದು ವಿನಂತಿ. ಬರದ ಇತಿಹಾಸ ಹೇಳುವಾಗ ಎಷ್ಟು ಜನ ಸತ್ತರು ಎಂಬುದರ ಜೊತೆಗೆ, ಉಳಿದವರು ಮತ್ತೆ ಉಣ್ಣಲು ಹೆಂಗ ಕಲಿತರು ಎಂಬುದನ್ನೂ ಮಕ್ಕಳಿಗೆ ಹೇಳಿರಿ. ನಿಮ್ಮ ಮನೆಗೆ ಇಂಥವರು ಬಂದರೆ ತಾಟು ಬ್ಯಾಡ, ಒಂದು ಬಟ್ಟಲು ಇಡಿರಿ. "ಎಷ್ಟು ನೀಡ್ಲಿ?" ಎಂದು ಒಮ್ಮೆ ಕೇಳಿರಿ, ಎರಡನೇ ಸಲ ಕೇಳಬ್ಯಾಡಿರಿ. ಬಿಟ್ಟರೆ ಬಿಡಲಿ, ಬೆಳ್ಳಗಾದ ಮುಖ ನೋಡಿ ರೋಗದ ಹೆಸರು ಕಟ್ಟಬ್ಯಾಡಿರಿ.

ನಮ್ಮ ಭಜನಿ ಮೇಳದಲ್ಲಿ ಈಗ ಒಂದು ನೇಮ ಮಾಡಿದ್ದೇವೆ. ಏಕಾದಶಿ ಭಜನೆ ಮುಗಿದ ಮೇಲೆ ಪ್ರಸಾದವನ್ನು ಯಾರೂ ಯಾರಿಗೂ ಬಡಿಸುವುದಿಲ್ಲ, ತಮಗೆ ಬೇಕಾದಷ್ಟು ತಾವೇ ತೆಗೆದುಕೊಳ್ಳುವುದು. ತಮ್ಮನ ಮಗ ಮತ್ತೆ ಬರಲಿಕ್ಕೆ ಹತ್ತ್ಯಾನ. ತೂಕ 92ಕ್ಕೆ ಇಳಿದಿದೆ, ಸಕ್ಕರೆಯ ಗುಳಿಗೆ ಅರ್ಧವಾಗಿದೆ. ಎರಡು ಚಮಚ ಹುಗ್ಗಿ ತೆಗೆದುಕೊಳ್ಳುತ್ತಾನೆ, ಸಾವಕಾಶ ಉಣ್ಣುತ್ತಾನೆ. ಅವನದು ಮುಗಿಯುವ ತನಕ ನಾವು ಯಾರೂ ಪಂಕ್ತಿಯಿಂದ ಏಳುವುದಿಲ್ಲ.